ಇಷ್ಟೇನಾ? ಇದು ನನಗೂ ಹೊಳೀತಿತ್ತು!

ನಾನು ಮಾಡುವ ಕೆಲಸ ಏನು ಅಂತ ನಮ್ಮ ಮನೆಯಲ್ಲಿ ಯಾರಿಗೂ ಪೂರ್ತಿ ಅರ್ಥವಾಗಿಲ್ಲ. ಅಮ್ಮ ಕೇಳಿದವರಿಗೆಲ್ಲ "ಕಂಪ್ಯೂಟರ್ ಕೆಲಸ" ಅನ್ನುತ್ತಾಳೆ. ನೆಂಟರ ಪೈಕಿ ಒಬ್ಬರು ನನ್ನನ್ನು ಲಾಯರ್ ಅಂದುಕೊಂಡು ಸೈಟ್ ತಗಾದೆಯ ಕಾಗದಪತ್ರ ತಂದು ತೋರಿಸಿದ್ದೂ ಉಂಟು. ನಿಜ ಹೇಳಬೇಕೆಂದರೆ ನನ್ನ ಕೆಲಸ ತುಂಬಾ ಸರಳ. ಯಾರೋ ಏನನ್ನೋ ಕಂಡುಹಿಡಿದು ಪೇಟೆಂಟ್ ತೆಗೆದುಕೊಂಡಿರುತ್ತಾರೆ. ಅದು ಇನ್ಯಾರದೋ ವ್ಯಾಪಾರಕ್ಕೆ ಅಡ್ಡ ಬಂದಿರುತ್ತದೆ. ಅಡ್ಡ ಬಂದವರು ನಮ್ಮ ಆಫೀಸಿಗೆ ಬರುತ್ತಾರೆ. ನಾನು ಹಳೆಯ ದಾಖಲೆಗಳ ರಾಶಿಯಲ್ಲಿ ಕೆದಕಿ ಕೆದಕಿ, "ಸ್ವಾಮಿ, ಇದರಲ್ಲಿ ಅಂಥ ದೊಡ್ಡದೇನಿಲ್ಲ, ಕಸುಬು ಗೊತ್ತಿರುವ ಯಾರಿಗಾದರೂ ಹೊಳೆಯುವಂಥದ್ದೇ" ಅಂತ ತೋರಿಸುವ ವರದಿ ಬರೆಯುತ್ತೇನೆ. "ಸಂಬಳ ತಗೊಂಡು ಹೊಟ್ಟೆಕಿಚ್ಚು ಪಡೋ ಕೆಲಸ ಕಣೇ ನಿಂದು" ಅಂತ ಗೆಳತಿಯೊಬ್ಬಳು ತಮಾಷೆ ಮಾಡುತ್ತಾಳೆ. ನಾನೂ ನಗುತ್ತೇನೆ.

ಕಳೆದ ವರ್ಷ ನನ್ನ ಮೇಜಿಗೆ ಬಂದದ್ದು ಕಂಪ್ರೆಷನ್ ಮೋಲ್ಡಿಂಗ್ ವಿಧಾನದ ಮೇಲಿನ ಒಂದು ಪೇಟೆಂಟ್. ಹೆಸರು ಕೇಳಿ ಹೆದರಬೇಡಿ, ಆ ವಸ್ತು ನಿಮ್ಮ ಅಡುಗೆಮನೆಯಲ್ಲೇ ಇದೆ. ಕುಕ್ಕರ್‌ನ ಕಪ್ಪು ಹಿಡಿ ನೋಡಿ. ಬಿಸಿ ಮಾಡಿದ ಉಕ್ಕಿನ ಅಚ್ಚಿನೊಳಗೆ ಪುಡಿಯನ್ನೋ ರಬ್ಬರ್ ತುಂಡನ್ನೋ ಇಟ್ಟು, ಮೇಲಿಂದ ಹೈಡ್ರಾಲಿಕ್ ಪ್ರೆಸ್‌ನಲ್ಲಿ ಒತ್ತುತ್ತಾರೆ. ಮಾಲು ಕರಗಿ ಅಚ್ಚಿನ ಮೂಲೆಮೂಲೆಗೂ ಹರಿದು, ಆ ಶಾಖಕ್ಕೇ ಬೆಂದು ಗಟ್ಟಿಯಾಗುತ್ತದೆ. ಅಂಚಿನಲ್ಲಿ ಹೊರಗೆ ಉಕ್ಕಿದ್ದನ್ನು ಕತ್ತರಿಸಿ ತೆಗೆದರೆ ಮುಗಿಯಿತು. ಸ್ವಿಚ್ಚು, ವಾಷರ್, ಗ್ಯಾಸ್ಕೆಟ್, ಬೈಕಿನ ಬುಷ್ ಎಲ್ಲ ಹೀಗೇ ಹುಟ್ಟುವಂಥವು.

ನನ್ನ ಮುಂದಿದ್ದ ಪೇಟೆಂಟ್ ಎರಡು ಬಗೆಯ ರಬ್ಬರನ್ನು ಒಂದೇ ಅಚ್ಚಿನಲ್ಲಿ ಬೆಸೆಯುವ ವಿಧಾನದ್ದು. ಕಕ್ಷಿದಾರರ ಗುಟ್ಟು ಕಾಯುವುದು ನನ್ನ ಅನ್ನದ ಪ್ರಶ್ನೆ, ಹಾಗಾಗಿ ವಿವರಗಳನ್ನು ಸ್ವಲ್ಪ ಬದಲಿಸಿ ಹೇಳುತ್ತಿದ್ದೇನೆ. ಮೊದಲನೆಯ ರಬ್ಬರನ್ನು ಅರ್ಧ ಬೇಯಿಸಿ, ಪ್ರೆಸ್ ತೆರೆದು, ಎರಡನೆಯದನ್ನು ಅದರ ಮೇಲಿಟ್ಟು, ಮತ್ತೆ ಒತ್ತಿ ಪೂರ್ತಿ ಬೇಯಿಸುವುದು. ನನಗೆ ಎರಡು ಹಳೆಯ ದಾಖಲೆಗಳು ಸಿಕ್ಕವು. ಒಂದರಲ್ಲಿ ಅರೆಬೇಯಿಸುವ ವಿಚಾರ, ಇನ್ನೊಂದರಲ್ಲಿ ಎರಡು ರಬ್ಬರ್ ಬೆಸೆಯುವ ವಿಚಾರ. ಒಂದಕ್ಕೆ ಒಂದು ಕೂಡಿಸಿದರೆ ಎರಡು. ರಾತ್ರಿ ಹನ್ನೊಂದಕ್ಕೆ ವರದಿ ಮುಗಿಸಿದೆ. ಕೊನೆಯ ಸಾಲು ನಮ್ಮಲ್ಲಿ ಎಲ್ಲರೂ ಬರೆಯುವ ಮಾಮೂಲಿ ಸಾಲು: ಇವೆರಡನ್ನೂ ಸೇರಿಸುವುದು ಈ ಕಸುಬಿನಲ್ಲಿ ಪಳಗಿದವನಿಗೆ ಸಹಜವಾಗಿ ಹೊಳೆಯುವಂಥದ್ದು.

ಆ ಭಾನುವಾರ ಅಪ್ಪನ ಜೊತೆ ಕಾಫಿ ಕುಡಿಯುತ್ತಾ ಈ ಕಥೆ ಹೇಳಿದೆ. ಅಪ್ಪನಿಗೆ ಹೇಳಲು ಕಾರಣವಿತ್ತು. ಅಪ್ಪ ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ಇದೇ ಪ್ರೆಸ್ ಮೇಲೆ ದುಡಿದವನು. ಮನೆಯಲ್ಲಿ ನನ್ನ ಕೆಲಸ ಅರ್ಥವಾಗಬಹುದಾದ ಒಬ್ಬನೇ ಮನುಷ್ಯ. ಪೂರ್ತಿ ಕೇಳಿಸಿಕೊಂಡು ಲೋಟ ಕೆಳಗಿಟ್ಟ.

"ಆ ಎರಡು ಕಾಗದ ಎಷ್ಟು ವರ್ಷದಿಂದ ಇದ್ವು?"

"ಒಂದು ಮೂವತ್ತು ವರ್ಷ ಹಳೇದು, ಇನ್ನೊಂದು ಹದಿನೆಂಟು."

"ಅಂದ್ರೆ ಎರಡೂ ಒಟ್ಟಿಗೆ ಹದಿನೆಂಟು ವರ್ಷದಿಂದ ಅಲ್ಲೇ ಬಿದ್ದಿದ್ವು. ಅಷ್ಟು ಸುಲಭ ಆಗಿದ್ರೆ, ಹದಿನೆಂಟು ವರ್ಷ ಯಾರೂ ಯಾಕಮ್ಮ ಸೇರಿಸ್ಲಿಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

*

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತೇವೆ. ಕಣ್ಣಿಗೆ ಹೊಡೆದು ಕಾಣುವುದಕ್ಕೆ ಸಾಕ್ಷಿ ಯಾಕೆ ಅಂತ. ಆದರೆ ನನ್ನ ಕಸುಬಿನಲ್ಲಿ ದಿನವೂ ಏಳುವ ತಕರಾರೇ ಇದು: ಅಂಗೈಯಲ್ಲಿ ಹುಣ್ಣಿದೆ ಅಂತ ಒಬ್ಬ ತೋರಿಸಿದ ಮೇಲೆ ತಾನೇ ಅದು ಎಲ್ಲರಿಗೂ ಕಾಣುವುದು? ತೋರಿಸುವ ಮುಂಚೆ ಎಷ್ಟು ಜನ ಕಂಡಿದ್ದರು?

ಚಿಕ್ಕವರಿದ್ದಾಗ ಅಜ್ಜಿ ಒಗಟು ಹೇಳಿದ್ದು ನೆನಪಿಸಿಕೊಳ್ಳಿ. ಉತ್ತರ ಗೊತ್ತಾಗುವವರೆಗೂ ತಲೆ ಕೆರೆದುಕೊಳ್ಳುತ್ತೇವೆ. ಗೊತ್ತಾದ ಮರುಕ್ಷಣ "ಅಯ್ಯೋ, ಇಷ್ಟೇನಾ!" ಆಮೇಲೆ ನೀವು ಎಷ್ಟೇ ಪ್ರಯತ್ನಪಟ್ಟರೂ ಉತ್ತರ ಗೊತ್ತಿಲ್ಲದವರ ಹಾಗೆ ಆ ಒಗಟನ್ನು ಮತ್ತೆ ಕೇಳಲು ಆಗುವುದಿಲ್ಲ. ಆ ಬಾಗಿಲು ಒಂದೇ ಸಲ ತೆರೆಯುವಂಥದ್ದು, ಮತ್ತೆ ಮುಚ್ಚಲು ಬರುವುದಿಲ್ಲ.

ಮನಶ್ಶಾಸ್ತ್ರಜ್ಞ ಬರೂಕ್ ಫಿಶ್‌ಹಾಫ್ 1975ರಲ್ಲಿ ಪ್ರಕಟಿಸಿದ ಪ್ರಯೋಗ ಇದೇ ವಿಷಯದ್ದು. 1814ರಲ್ಲಿ ಬ್ರಿಟಿಷರಿಗೂ ನೇಪಾಳದ ಗೂರ್ಖರಿಗೂ ನಡೆದ ಯುದ್ಧದ ಹಿನ್ನೆಲೆಯನ್ನು ಓದಲು ಕೊಟ್ಟು, ಯಾವ ಫಲಿತಾಂಶ ಎಷ್ಟು ಸಂಭವ ಅಂತ ಜನರನ್ನು ಕೇಳಿದರು. ಕೆಲವರಿಗೆ ಏನೂ ಹೇಳಲಿಲ್ಲ. ಉಳಿದವರಿಗೆ "ಕೊನೆಗೆ ಆದದ್ದು ಇದು" ಅಂತ ಒಂದೊಂದು ಗುಂಪಿಗೆ ಒಂದೊಂದು ಫಲಿತಾಂಶ ಹೇಳಿದರು. ಹೇಳಿಸಿಕೊಂಡವರಿಗೆ ಅವರವರ ಫಲಿತಾಂಶವೇ ಮೊದಲಿನಿಂದಲೂ ಹೆಚ್ಚು ಸಂಭವ ಅನ್ನಿಸಿತು. ಗೊತ್ತಿಲ್ಲ ಅಂದುಕೊಂಡು ಉತ್ತರಿಸಿ ಅಂದರೂ ಆಗಲಿಲ್ಲ. ಅವರು ಸುಳ್ಳು ಹೇಳುತ್ತಿರಲಿಲ್ಲ, ತಮಗೆ ಮೊದಲೇ ಹೊಳೆಯುತ್ತಿತ್ತು ಅಂತ ನಿಜವಾಗಿಯೂ ನಂಬಿದ್ದರು. ನನಗೆ ಭಯ ಹುಟ್ಟಿಸುವುದು ಈ ಪ್ರಾಮಾಣಿಕತೆಯೇ. ಸುಳ್ಳನ್ನಾದರೆ ಹಿಡಿಯಬಹುದು.

ಕಂಪ್ರೆಷನ್ ಮೋಲ್ಡಿಂಗ್‌ನ ಚರಿತ್ರೆಯಲ್ಲೇ ಇದಕ್ಕೊಂದು ಒಳ್ಳೆಯ ಕಥೆ ಇದೆ. ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಸೇರಿದರೆ ಅಂಟಂಟಾದ ರಾಳ ಬರುತ್ತದೆ ಅನ್ನುವುದು 1872ರಲ್ಲೇ ಜರ್ಮನಿಯ ರಸಾಯನಶಾಸ್ತ್ರಜ್ಞ ಅಡಾಲ್ಫ್ ಫಾನ್ ಬೇಯರ್‌ಗೆ ಗೊತ್ತಿತ್ತು. ಪಾತ್ರೆಗೆ ಅಂಟಿಕೊಂಡು ಬಿಡದ ಆ ರಾಳದಿಂದ ಅವರಿಗೆ ಉಪಯೋಗ ಕಾಣಲಿಲ್ಲ. ಆಮೇಲೆ ಬಂದವರಿಗೆ ಇದರಿಂದ ಗಟ್ಟಿ ಸಾಮಾನು ಮಾಡಬಹುದು ಅನ್ನಿಸಿತು. ಆದರೆ ಕಾಯಿಸಿದರೆ ಸಾಕು, ಒಳಗಿಂದ ಆವಿ ಎದ್ದು ಗುಳ್ಳೆಗುಳ್ಳೆಯಾಗಿ ಸ್ಪಂಜಿನ ಹಾಗೆ ಉಬ್ಬಿಬಿಡುತ್ತಿತ್ತು. ಅದಕ್ಕೆ ಅವರು ಕಂಡುಕೊಂಡ ದಾರಿ, ಉರಿ ಕಡಿಮೆ ಮಾಡುವುದು. ನಿಧಾನ, ಬಹಳ ನಿಧಾನ. ಗುಳ್ಳೆಗೆ ಕಾರಣ ಬಿಸಿ, ಹಾಗಾಗಿ ಬಿಸಿ ತಗ್ಗಿಸು. ಇದಕ್ಕಿಂತ ಸಹಜವಾದ ಯೋಚನೆ ಇನ್ನೊಂದಿದೆಯಾ?

ಬೆಲ್ಜಿಯಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ ಲಿಯೋ ಬೇಕಲ್ಯಾಂಡ್ ಮಾಡಿದ್ದು ತದ್ವಿರುದ್ಧ. ಉರಿ ಜಾಸ್ತಿ ಮಾಡಿದರು. ಗುಳ್ಳೆ ಏಳದ ಹಾಗೆ ಮೇಲಿಂದ ಒತ್ತಡ ಹಾಕಿದರು. ಕುಕ್ಕರ್ ಮುಚ್ಚಳ ಹಾಕಿದ ಹಾಗೆ ಅನ್ನಿ. ದಿನಗಟ್ಟಲೆ ಹಿಡಿಯುತ್ತಿದ್ದದ್ದು ಬೇಗ ಮುಗಿಯಿತು, ಗುಳ್ಳೆಯೂ ಇಲ್ಲ. 1907ರಲ್ಲಿ ಅರ್ಜಿ ಹಾಕಿದರು, 1909ರಲ್ಲಿ ಪೇಟೆಂಟ್ ಸಿಕ್ಕಿತು. "ಶಾಖ ಮತ್ತು ಒತ್ತಡ" ಪೇಟೆಂಟ್ ಎಂದೇ ಅದು ಹೆಸರಾಯಿತು. ಬೇಕಲೈಟ್ ಅಂದರೆ ಅದೇ. ಹಳೇ ಮನೆಯ ಕಪ್ಪು ಸ್ವಿಚ್ಚು, ತಾತನ ಕಾಲದ ಡಯಲ್ ಫೋನು, ನಮ್ಮ ಕುಕ್ಕರ್ ಹಿಡಿ.

ಈಗ ನನಗೆ ಆ ಫೈಲ್ ಕೊಟ್ಟಿದ್ದಿದ್ದರೆ? ಹತ್ತು ನಿಮಿಷದ ಕೆಲಸ. ರಾಳ ಹಳೆಯದು, ಶಾಖ ಹಳೆಯದು, ಒತ್ತಡ ಹಾಕುವ ಪಾತ್ರೆ ಹಳೆಯದು. ಆವಿಯನ್ನು ಒತ್ತಡದಿಂದ ಅದುಮಬಹುದು ಅಂತ ಶಾಲೆ ಹುಡುಗರಿಗೂ ಗೊತ್ತು. ಸಹಜವಾಗಿ ಹೊಳೆಯುವಂಥದ್ದು. ಸಹಿ. ಮೇಲ್ ಕಳಿಸು. ಮನೆಗೆ ಹೋಗು.

ಆದರೆ ಕಸುಬು ಬಲ್ಲವರೆಲ್ಲ ಉರಿ ತಗ್ಗಿಸು ಅನ್ನುತ್ತಿದ್ದಾಗ ಒಬ್ಬ ಹೆಚ್ಚಿಸಿದ ಅನ್ನುವ ಸಂಗತಿ ಆ ಪಟ್ಟಿಯಲ್ಲಿ ಎಲ್ಲೂ ಬರುವುದಿಲ್ಲ. ತುಂಡುಗಳೆಲ್ಲ ಇದ್ದವು ನಿಜ. ಆದರೆ ಎಲ್ಲರೂ ಬೇರೆ ಕಡೆ ಮುಖ ಮಾಡಿ ನಿಂತಿದ್ದರು.

ಕಥೆಗೆ ಇನ್ನೊಂದು ತಿರುವೂ ಇದೆ. ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಜೇಮ್ಸ್ ಸ್ವಿನ್‌ಬರ್ನ್ ಎಂಬ ಎಂಜಿನಿಯರ್ ಕೂಡ ಇದೇ ರಾಳದ ಹಿಂದೆ ಬಿದ್ದಿದ್ದರು. ಅವರು ಪೇಟೆಂಟ್ ಕಚೇರಿಗೆ ಹೋದಾಗ ಬೇಕಲ್ಯಾಂಡ್ ಒಂದೇ ದಿನ ಮುಂದಿದ್ದರು. ಒಂದೇ ದಿನ! ಸಮುದ್ರದ ಆಚೆ ಈಚೆ ಇಬ್ಬರಿಗೆ ಒಂದೇ ಕಾಲಕ್ಕೆ ಹೊಳೆದದ್ದು ಅಷ್ಟು ಅಪರೂಪದ್ದು ಹೇಗಾದೀತು ಅಂತ ನನ್ನಂಥವಳು ಕೇಳಬಹುದು. ಕೇಳಬೇಕು ಕೂಡ. ಹಾಗಾಗಿ ನ್ಯಾಯ ಪೂರ್ತಿ ಒಂದೇ ಕಡೆ ಇದೆ ಅಂತ ಹೇಳಲು ನನಗೆ ಧೈರ್ಯ ಬರುವುದಿಲ್ಲ.

*

ಇಲ್ಲಿಗೇ ನಿಲ್ಲಿಸಿದರೆ ಇದು "ಪಾಪ, ಸಂಶೋಧಕ" ಅನ್ನುವ ಲೇಖನವಾಗುತ್ತದೆ. "ಇದು ಸಹಜವಾಗಿ ಹೊಳೆಯುವಂಥದ್ದು" ಅನ್ನುವ ಮಾತಿನಿಂದ ಉಪಕಾರವಾಗುವ ಜನವೂ ಇದ್ದಾರೆ. ಅವರ ಕಥೆ ಕೇಳಬೇಕಾದರೆ ಮಿರ್ಜಾಪುರಕ್ಕೆ ಹೋಗಬೇಕು. ವೆಬ್ ಸೀರೀಸ್‌ನ ಮಿರ್ಜಾಪುರ ಅಲ್ಲ. ಗಂಗೆಯ ದಡದ, ಹಿತ್ತಾಳೆ ಪಾತ್ರೆಗಳ ಮಿರ್ಜಾಪುರ.

ಅಲ್ಲಿ ಪಾತ್ರೆಯನ್ನು ಎರಕ ಹೊಯ್ದು, ಆಮೇಲೆ ಲೇತ್‌ಗೆ ಸಿಕ್ಕಿಸಿ ತಿರುಗಿಸುತ್ತಾ ಹೆರೆದು ನುಣುಪು ಮಾಡುತ್ತಿದ್ದರು. ಪಾತ್ರೆಗೆ ಒಂದೇ ಕಡೆ ಹಿಡಿತ. ಜೋರಾಗಿ ತಿರುಗುವಾಗ ಹಿಡಿತ ತಪ್ಪಿ ಪಾತ್ರೆ ಹಾರಿ ಬರುತ್ತಿತ್ತು. ಎದುರಿಗೆ ಕೂತ ಕೆಲಸಗಾರನ ಗತಿ ಏನಾಗುತ್ತಿತ್ತು ಅಂತ ನೀವೇ ಊಹಿಸಿಕೊಳ್ಳಿ. ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ ಅನ್ನುವ ಅಲ್ಲಿನ ಸಂಸ್ಥೆಯ ಪಾಲುದಾರರೊಬ್ಬರು ಪಾತ್ರೆಯನ್ನು ಇನ್ನೊಂದು ತುದಿಯಿಂದಲೂ ಒತ್ತಿ ಹಿಡಿಯುವ ವ್ಯವಸ್ಥೆ ಮಾಡಿದರು. ಕೆಲಸ ಚುರುಕಾಯಿತು, ಅಪಾಯ ತಗ್ಗಿತು. 1951ರಿಂದ ಜಾರಿಗೆ ಬರುವಂತೆ ಪೇಟೆಂಟ್ ಸಿಕ್ಕಿತು. ಅದೇ ಊರಿನ ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ಅನ್ನುವ ಇನ್ನೊಂದು ಪಾತ್ರೆ ಕಾರ್ಖಾನೆಯವರೂ ಹಾಗೇ ಮಾಡತೊಡಗಿದಾಗ ವಿಷಯ ಕೋರ್ಟಿಗೆ ಹೋಯಿತು. ಅಲಹಾಬಾದ್ ಹೈಕೋರ್ಟಿನ ಒಬ್ಬರೇ ನ್ಯಾಯಮೂರ್ತಿಗಳ ಪೀಠ ಪೇಟೆಂಟ್ ರದ್ದು ಮಾಡಿತು. ಮೇಲ್ಮನವಿಯಲ್ಲಿ ದೊಡ್ಡ ಪೀಠ ಅದನ್ನು ಉಳಿಸಿತು. 1978ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ತೆಗೆದುಹಾಕಿತು. ಅಷ್ಟು ಹೊತ್ತಿಗೆ ಆ ಪೇಟೆಂಟಿನ ಆಯುಸ್ಸೇ ಮುಗಿದುಹೋಗಿತ್ತು, ಆ ಮಾತು ಬೇರೆ.

ತೀರ್ಪು ಬರೆದದ್ದು ನ್ಯಾಯಮೂರ್ತಿ ಆರ್.ಎಸ್. ಸರ್ಕಾರಿಯಾ. ಇವತ್ತಿಗೂ ನಮ್ಮ ಕಸುಬಿನವರು ಉದ್ಧರಿಸುವ ತೀರ್ಪು ಅದು. ಅದರ ತಿರುಳು ಇಷ್ಟು: ಲೇತ್‌ನ ಎರಡೂ ತುದಿಯಿಂದ ಸಾಮಾನನ್ನು ಹಿಡಿಯುವುದು ಲೋಕಕ್ಕೆಲ್ಲ ಗೊತ್ತಿದ್ದ ವಿಷಯ. ಪಾತ್ರೆಗೂ ಅದನ್ನೇ ಮಾಡಿದ್ದು ಬರೀ ವರ್ಕ್‌ಶಾಪಿನ ಮಟ್ಟದ ಸುಧಾರಣೆ. ಪೇಟೆಂಟ್ ಕೊಡಲು ಅದಕ್ಕಿಂತ ಹೆಚ್ಚಿನದೇನೋ ಬೇಕು.

ಮೊದಲ ಸಲ ಓದಿದಾಗ ನನಗೆ ಈ ತೀರ್ಪು ಕಠೋರ ಅನ್ನಿಸಿತ್ತು. ಹಾರಿ ಬರುವ ಪಾತ್ರೆಯಿಂದ ಕೆಲಸಗಾರನನ್ನು ಕಾಪಾಡಿದ್ದಕ್ಕೆ "ಬರೀ" ಅನ್ನುವುದೇ? ಆಮೇಲೆ ತಿರುಗಿಸಿ ಯೋಚಿಸಿದೆ. ಪೇಟೆಂಟ್ ಉಳಿದಿದ್ದರೆ ಏನರ್ಥ? ಅದೇ ಊರಿನ ಉಳಿದ ಶೆಡ್ಡುಗಳಲ್ಲಿ ಪಾತ್ರೆಯನ್ನು ಎರಡೂ ಕಡೆಯಿಂದ ಭದ್ರವಾಗಿ ಹಿಡಿಯಬೇಕೆಂದರೆ ಒಬ್ಬರ ಅಪ್ಪಣೆ ಬೇಕು. ಅಪ್ಪಣೆ ಸಿಗದವನು ಮತ್ತೆ ಹಳೇ ಪದ್ಧತಿಗೇ, ಹಾರುವ ಪಾತ್ರೆಗೇ. ಎಲ್ಲರ ತಿಳಿವಳಿಕೆಯ ಕೆರೆಯಿಂದ ಒಂದು ಬಿಂದಿಗೆ ನೀರು ಮೊಗೆದು ಆ ನೀರಿಗೆ ಬೇಲಿ ಹಾಕಿದ ಹಾಗೆ. "ಇದು ಯಾರಿಗಾದರೂ ಹೊಳೆಯುವಂಥದ್ದು" ಅನ್ನುವ ಕಾನೂನಿನ ಮಾತು ಆ ಬೇಲಿಯನ್ನು ಕಿತ್ತುಹಾಕುತ್ತದೆ. ಅದಕ್ಕೇ ನಮ್ಮ ಪೇಟೆಂಟ್ ಕಾಯ್ದೆಯಲ್ಲಿ, ಇನ್ನೂ ಮಂಜೂರಾಗದ ಅರ್ಜಿಗೆ ಯಾರು ಬೇಕಾದರೂ ತಕರಾರು ಸಲ್ಲಿಸಬಹುದು.

ಅಮೆರಿಕದಲ್ಲಿ ಈ ತತ್ವ ಶುರುವಾದದ್ದು ಬಾಗಿಲ ಹಿಡಿಯ ಗುಂಡಿನಿಂದ. ಮರದ, ಲೋಹದ ಗುಂಡುಗಳನ್ನು ಕಂಬಿಗೆ ಕೂಡಿಸುವ ಒಂದು ವಿಧಾನ ಮೊದಲೇ ಇತ್ತು. ಹಾಚ್‌ಕಿಸ್ ಅನ್ನುವವರು ಅದನ್ನೇ ಜೇಡಿಮಣ್ಣು, ಪಿಂಗಾಣಿಯ ಗುಂಡಿಗೆ ಬಳಸಿ ಪೇಟೆಂಟ್ ಪಡೆದಿದ್ದರು. 1851ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಇದು ಜಾಣ ಮೆಕ್ಯಾನಿಕ್ಕಿನ ಕೆಲಸ, ಸಂಶೋಧಕನದ್ದಲ್ಲ ಅಂದುಬಿಟ್ಟಿತು. ಒಬ್ಬ ನ್ಯಾಯಮೂರ್ತಿ, ಲೆವಿ ವುಡ್‌ಬರಿ, ಒಪ್ಪಲಿಲ್ಲ. ವಸ್ತು ಹೊಸದಾಗಿದ್ದು, ಮೊದಲಿಗಿಂತ ಅಗ್ಗವಾಗಿ, ಚೆನ್ನಾಗಿ ಆಗಿದ್ದರೆ ಸಾಲದೇ, ಮಾಡಿದವನು ಎಷ್ಟು ಜಾಣ ಅಂತ ಯಾಕೆ ಅಳೆಯಬೇಕು ಅನ್ನುವ ಧಾಟಿ ಅವರದು. ಅವರು ಸೋತರು. ಆದರೆ ಅವರ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ನಾವು ತೂಗುತ್ತಿರುವುದು ವಸ್ತುವನ್ನೋ, ಮಾಡಿದ ಮನುಷ್ಯನನ್ನೋ?

*

ಮತ್ತೆ ಅಪ್ಪನ ಕಥೆಗೆ ಬರುತ್ತೇನೆ. ಹದಿನೆಂಟು ವರ್ಷದ ಪ್ರಶ್ನೆ ಕೇಳಿದ ಮೇಲೆ ಅಪ್ಪ ಸುಮ್ಮನಾಗಲಿಲ್ಲ. ಮೊದಲು ಒಂದೆರಡು ಸಲ ಅರ್ಧಂಬರ್ಧ ಕೇಳಿದ್ದ ಕಥೆಯನ್ನು ಅವತ್ತು ಪೂರ್ತಿ ಹೇಳಿದ.

ಅವರ ಶೆಡ್ಡಿನಲ್ಲಿ ಬಳೆಯಾಕಾರದ ಒಂದು ರಬ್ಬರ್ ಸೀಲ್ ಮಾಡುತ್ತಿದ್ದರಂತೆ. ಉದ್ದನೆಯ ರಬ್ಬರ್ ಹುರಿಯನ್ನು ಅಳತೆಗೆ ಕತ್ತರಿಸಿ, ಬಳೆಯ ಹಾಗೆ ಬಾಗಿಸಿ, ಅಚ್ಚಿನ ಕಾಲುವೆಯಲ್ಲಿಟ್ಟು ಒತ್ತಬೇಕು. ಎರಡು ತುದಿಗಳು ಸೇರುವ ಜಾಗದಲ್ಲಿ ಗಾಳಿ ಸಿಕ್ಕಿಹಾಕಿಕೊಂಡು ಸೀಳು ಉಳಿಯುತ್ತಿತ್ತು. ನೂರಕ್ಕೆ ಹತ್ತು ಹನ್ನೆರಡು ಪೀಸು ರಿಜೆಕ್ಟ್. ಒತ್ತಡ ಹೆಚ್ಚಿಸಿದರು, ಹೊತ್ತು ಹೆಚ್ಚಿಸಿದರು, ಒತ್ತುವ ನಡುವೆ ಪ್ರೆಸ್ಸನ್ನು ಚೂರು ಎತ್ತಿ ಗಾಳಿ ಬಿಟ್ಟು ನೋಡಿದರು. ಪೂರ್ತಿ ಗುಣ ಕಾಣಲಿಲ್ಲ.

ಒಂದು ದೀಪಾವಳಿಗೆ ಅಜ್ಜಿ ಕೋಡುಬಳೆ ಸುತ್ತುವುದನ್ನು ನೋಡುತ್ತಾ ಕೂತಿದ್ದಾಗ ಅಪ್ಪನಿಗೆ ಹೊಳೆದದ್ದಂತೆ. ಅಜ್ಜಿ ಹಿಟ್ಟಿನ ತುದಿಗಳನ್ನು ಎದುರುಬದುರು ಇಟ್ಟು ಸೇರಿಸುತ್ತಿರಲಿಲ್ಲ. ಒಂದರ ಮೇಲೊಂದು ಏರಿಸಿ ಒತ್ತುತ್ತಿದ್ದಳು. ಎದುರುಬದುರು ಇಟ್ಟರೆ ಎಣ್ಣೆಯಲ್ಲಿ ಬಾಯಿ ಬಿಡುತ್ತದೆ. ಹಬ್ಬ ಮುಗಿಸಿ ಹೋದ ಅಪ್ಪ ಹುರಿಯ ತುದಿಗಳನ್ನು ನೇರವಾಗಿ ಕತ್ತರಿಸುವ ಬದಲು ಓರೆಯಾಗಿ ಕತ್ತರಿಸಿ, ಒಂದರ ಮೇಲೊಂದು ಕೂರಿಸಿ ಒತ್ತಿದ. ಗಾಳಿಗೆ ಹೊರಗೆ ಹೋಗಲು ದಾರಿ ಸಿಕ್ಕಿತು, ಸೀಳು ಮಾಯ. ಆ ವಾರ ರಿಜೆಕ್ಟ್ ಡಬ್ಬಿ ಹೆಚ್ಚುಕಡಿಮೆ ಖಾಲಿ.

ಮಾಲೀಕರು ಬಂದರು, ನೋಡಿದರು. "ಅಷ್ಟೇನಾ? ಓರೆ ಕತ್ತರಿಸೋದಾ? ಇದು ಯಾರಿಗಾದ್ರೂ ಹೊಳೆಯುತ್ತೆ ಬಿಡಪ್ಪ" ಅಂದರು. ಮರುದಿನದಿಂದ ಎಲ್ಲ ಪ್ರೆಸ್ಸಿನಲ್ಲೂ ಓರೆ ಕತ್ತರಿಸುವುದೇ ನಿಯಮ.

ನನ್ನ ವರದಿಯ ಕೊನೆಯ ಸಾಲೂ ಅದೇ ಅಲ್ಲವೇ? ಅವರು ಆಡುಮಾತಿನಲ್ಲಿ ಹೇಳಿದ್ದನ್ನು ನಾನು ವಕೀಲರ ಭಾಷೆಯಲ್ಲಿ ಬರೆದಿದ್ದೆ, ಅಷ್ಟೇ.

ಬೇಸರದ ವಿಷಯ ಏನೆಂದರೆ, ಕಾನೂನಿನ ಪ್ರಕಾರ ಮಾಲೀಕರ ಮಾತು ಬಹುಶಃ ಸರಿ. ಓರೆ ಕತ್ತರಿಸಿ ಸೇರಿಸುವುದು ಬಡಗಿಗಳಿಗೆ ಗೊತ್ತು, ಬೆಲ್ಟ್ ಮಾಡುವವರಿಗೆ ಗೊತ್ತು. ಅಪ್ಪನ ಉಪಾಯದ ಮೇಲೆ ಪೇಟೆಂಟ್ ಇದ್ದು, ಆ ಫೈಲ್ ನನ್ನ ಮೇಜಿಗೆ ಬಂದಿದ್ದರೆ ಒಂದೇ ದಿನದಲ್ಲಿ ಮುಗಿಸಿಬಿಡುತ್ತಿದ್ದೆ. ರಬ್ಬರ್ ಕಸುಬಿನವನು ಕೋಡುಬಳೆಯ ಕಡೆ ಯಾಕೆ ನೋಡಬೇಕು ಅನ್ನುವ ಒಂದು ಒಳ್ಳೆಯ ವಾದ ಎದುರು ಕಡೆಯಿಂದ ಬರಬಹುದಿತ್ತು. ಆದರೂ ಗೆಲ್ಲುತ್ತಿದ್ದದ್ದು ನಾನೇ ಅನ್ನಿಸುತ್ತದೆ.

ಹಾಗಾದರೆ ಆ ಮಾತು ಇಷ್ಟು ವರ್ಷವಾದರೂ ಅಪ್ಪನ ಎದೆಯಲ್ಲಿ ಯಾಕೆ ಮುಳ್ಳಾಗಿ ಉಳಿದಿದೆ? ಇದನ್ನು ಯೋಚಿಸುತ್ತಾ ಹೋದಾಗ ನನಗೆ ತೋಚಿದ್ದು, "ಇದು ಯಾರಿಗಾದರೂ ಹೊಳೆಯುತ್ತೆ" ಅನ್ನುವ ಒಂದೇ ವಾಕ್ಯದೊಳಗೆ ಎರಡು ಬೇರೆ ಬೇರೆ ಮಾತುಗಳಿವೆ ಅಂತ. ಒಂದು, "ಇದಕ್ಕೆ ನೀನು ಬೇಲಿ ಹಾಕುವ ಹಾಗಿಲ್ಲ." ಇನ್ನೊಂದು, "ನೀನು ಏನೂ ಮಾಡಿಲ್ಲ." ಕೋರ್ಟು ಹೇಳುವುದು ಮೊದಲನೆಯದನ್ನು ಮಾತ್ರ. ಮಾಲೀಕರು ಮೊದಲನೆಯದರ ಬಲದ ಮೇಲೆ ಎರಡನೆಯದನ್ನೂ ಹೇಳಿಬಿಟ್ಟರು.

ಕಾನೂನಿನಲ್ಲಿ ಬರುವ ಆ "ಕಸುಬಿನಲ್ಲಿ ಪಳಗಿದವನು" ನಿಜವಾದ ಮನುಷ್ಯನೇ ಅಲ್ಲ ಅನ್ನುವುದನ್ನು ಇಲ್ಲಿ ಹೇಳಬೇಕು. ಅವನೊಬ್ಬ ವಿಚಿತ್ರ ಪ್ರಾಣಿ. ತನ್ನ ಕಸುಬಿನ ಬಗ್ಗೆ ಜಗತ್ತಿನಲ್ಲಿ ಪ್ರಕಟವಾದ ಪ್ರತಿ ಹಾಳೆಯನ್ನೂ ಓದಿದ್ದಾನೆ. ಆದರೆ ಸ್ವಂತವಾಗಿ ದೊಡ್ಡದೇನೂ ಹೊಳೆಯುವುದಿಲ್ಲ. 2007ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಕಾರಿನ ಆಕ್ಸಿಲರೇಟರ್ ಪೆಡಲ್ ಕುರಿತ ಕೆಎಸ್ಆರ್ ಪ್ರಕರಣದಲ್ಲಿ, ಅವನು ಯಂತ್ರವಲ್ಲ, ಅವನಿಗೂ ಸಾಮಾನ್ಯ ಕಲ್ಪನೆ ಇರುತ್ತದೆ ಅಂತ ಸ್ವಲ್ಪ ಜೀವ ತುಂಬಿತು. ಆದರೂ ಅವನಿಗೆ ನಿದ್ದೆ ಬರುವುದಿಲ್ಲ, ಸೊಂಟ ನೋಯುವುದಿಲ್ಲ, ಶಿಫ್ಟ್ ಮುಗಿಸಿ ಬಸ್ ಹಿಡಿಯುವ ಆತುರವಿಲ್ಲ. ಮೂರು ವರ್ಷದಿಂದ ಒಂದೇ ತೊಂದರೆ ನೋಡಿ ನೋಡಿ ಬರುವ ಮರಗಟ್ಟುವಿಕೆಯೂ ಅವನಿಗಿಲ್ಲ. ಅಪ್ಪನಿಗೆ ಇವೆಲ್ಲ ಇದ್ದವು. ಇವೆಲ್ಲದರ ನಡುವೆ ಕೋಡುಬಳೆ ನೋಡಿದಾಗ ಸೀಲ್ ನೆನಪಾಯಿತು. ಆ ಕಾಲ್ಪನಿಕ ಮನುಷ್ಯನಿಗೆ ಸುಲಭ ಅನ್ನುವುದು ಕಾನೂನಿಗೆ ಬೇಕಾದ ಅಳತೆಗೋಲು, ಸರಿಯೇ. ಅದೇ ಕೋಲಿನಿಂದ ಎದುರಿಗೆ ನಿಂತ ಮನುಷ್ಯನನ್ನು ಅಳೆದರೆ ತಪ್ಪಾಗುತ್ತದೆ.

ನಾವು ದಿನವೂ ಹಾಗೇ ಅಳೆಯುತ್ತೇವೆ. ಆಫೀಸಿನ ಮೀಟಿಂಗ್ ನೆನಪಿಸಿಕೊಳ್ಳಿ. ವಾರದಿಂದ ಕಾಡುತ್ತಿದ್ದ ಬಗ್ ಎಲ್ಲಿದೆ ಅಂತ ಒಬ್ಬ ಜೂನಿಯರ್ ತೋರಿಸುತ್ತಾನೆ. ಬದಲಾಗಬೇಕಾದದ್ದು ಒಂದೇ ಸಾಲು. "ಓಹ್, ಇದಾ? ನಾನೂ ಇದನ್ನೇ ಹೇಳಬೇಕು ಅಂತಿದ್ದೆ" ಅಂತ ಹೇಳುವವರು ಕನಿಷ್ಠ ಇಬ್ಬರಿರುತ್ತಾರೆ. ಅವರು ಸುಳ್ಳರಲ್ಲ, ಫಿಶ್‌ಹಾಫ್ ಪ್ರಯೋಗದವರ ಹಾಗೆ ಪ್ರಾಮಾಣಿಕರು. ಅಪ್ರೈಸಲ್ ಹೊತ್ತಿಗೆ ಆ ಒಂದು ಸಾಲು ಒಂದೇ ಸಾಲಾಗಿ ಉಳಿಯುತ್ತದೆ, ಅದನ್ನು ಹುಡುಕಿದ ಆರು ರಾತ್ರಿಗಳು ಎಲ್ಲೂ ದಾಖಲಾಗುವುದಿಲ್ಲ. ಉತ್ತರ ಸರಳವಾದಷ್ಟೂ ಅದನ್ನು ತಂದವನಿಗೆ ಸಿಗುವ ಮನ್ನಣೆ ಕಡಿಮೆ. ಒಳ್ಳೆಯ ಕೆಲಸಗಾರರೆಲ್ಲ ಒದ್ದಾಡುವುದೇ ಉತ್ತರ ಸರಳವಾಗಲಿ ಅಂತ ಅಲ್ಲವಾ?

"ಹೋಗ್ಲಿ, ಅವತ್ತು ಎಲ್ಲರ ಮುಂದೆ ನಿನ್ನ ಹೆಸರು ಹೇಳಿದ್ದಿದ್ರೆ ಸಾಕಿತ್ತಾ?" ಅಂತ ಅಪ್ಪನನ್ನು ಕೇಳಿದೆ. ಹೌದು ಅನ್ನುತ್ತಾನೆ, ಆಗ ಈ ಲೇಖನಕ್ಕೆ ಒಳ್ಳೆಯ ಮುಕ್ತಾಯ ಸಿಗುತ್ತದೆ ಅಂತ ಒಳಗೊಳಗೇ ಆಸೆ ಇತ್ತು.

"ಹೆಸರು ತಗೊಂಡು ಏನ್ಮಾಡ್ಲಮ್ಮ? ಐನೂರು ರೂಪಾಯಿ ಕೊಟ್ಟಿದ್ರೆ ಆಗ್ತಿತ್ತು. ಆ ತಿಂಗಳು ನಿನ್ನ ಸ್ಕೂಲ್ ಫೀಸ್ ಕಟ್ಟಬೇಕಿತ್ತು."

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಸೇರಿಸಿದ. ಪಕ್ಕದ ಶೆಡ್ಡಿನಲ್ಲಿ ಅಪ್ಪನ ಗೆಳೆಯನೊಬ್ಬ ಇದೇ ತೊಂದರೆಯಲ್ಲಿದ್ದನಂತೆ. ಅವನಿಗೂ ಅಪ್ಪನೇ ಹೋಗಿ ಓರೆ ಕತ್ತರಿಸುವುದನ್ನು ಹೇಳಿಕೊಟ್ಟು ಬಂದಿದ್ದ. ಅಂದರೆ ಅಪ್ಪನಿಗೆ ಬೇಲಿ ಬೇಕಿರಲಿಲ್ಲ. ಅವನಿಗೆ ಬರಬೇಕಾದದ್ದು ಇತ್ತು, ಅದು ಬರಲಿಲ್ಲ, ಅಷ್ಟೇ. ರಿಜೆಕ್ಟ್ ಕಡಿಮೆಯಾಗಿ ಉಳಿದ ರಬ್ಬರಿಗೆ ಮಾಲೀಕರ ಪುಸ್ತಕದಲ್ಲಿ ಲೆಕ್ಕ ಇತ್ತು. ಅದನ್ನು ಉಳಿಸಿಕೊಟ್ಟವನಿಗೆ ಇರಲಿಲ್ಲ.

ಆಸ್ತಿಯಾಗದ ಜ್ಞಾನಕ್ಕೆ ಋಣವೂ ಇಲ್ಲ ಅಂತ ನಾವು ಯಾವಾಗ ತೀರ್ಮಾನ ಮಾಡಿಕೊಂಡೆವೋ ಗೊತ್ತಿಲ್ಲ. ದಾರಿ ತೋರಿಸಿದವನು ದಾರಿಯ ಒಡೆಯನಲ್ಲ, ಸರಿ. ಆ ದಾರಿಯಲ್ಲಿ ನಡೆದು ದುಡ್ಡು ಮಾಡಿದವನು ಅವನಿಗೆ ಏನೂ ಕೊಡಬೇಕಾಗಿಲ್ಲವೇ? ಕಾನೂನು ಇಲ್ಲಿ ಸುಮ್ಮನಿದೆ. ಕಾನೂನು ಸುಮ್ಮನಿರುವ ಕಡೆಯೆಲ್ಲ ನಮಗೆ ರಜೆ ಅಂದುಕೊಳ್ಳುವುದು ನಮ್ಮ ತಪ್ಪು.

*

ನನ್ನ ವರದಿ ಏನಾಯಿತು ಅಂತ ಹೇಳದಿದ್ದರೆ ಇಷ್ಟು ಹೊತ್ತು ಮಾತಾಡಿದ್ದು ಬರೀ ಉಪದೇಶವಾಗುತ್ತದೆ.

ಸೋಮವಾರ ಹೋಗಿ ಹದಿನೆಂಟು ವರ್ಷದ ಪ್ರಶ್ನೆಗೆ ಉತ್ತರ ಹುಡುಕತೊಡಗಿದೆ. ಉತ್ತರ ನನ್ನ ಫೋಲ್ಡರಿನಲ್ಲೇ ಇತ್ತು. ಮೊದಲ ಸುತ್ತಿನ ಹುಡುಕಾಟದಲ್ಲೇ ಸಿಕ್ಕಿದ್ದ ಇನ್ನೊಂದು ದಾಖಲೆ. ಅರೆಬೆಂದ ರಬ್ಬರಿನ ಮೇಲ್ಮೈಗೆ ಬೇರೆ ರಬ್ಬರ್ ಸರಿಯಾಗಿ ಕಚ್ಚುವುದಿಲ್ಲ, ಹಾಗೆ ಮಾಡಬೇಡಿ ಅಂತ ಅದರಲ್ಲಿತ್ತು. ಬೇಕಲ್ಯಾಂಡ್ ಕಾಲದ "ಉರಿ ತಗ್ಗಿಸು" ಅನ್ನುವ ಸಲಹೆಯ ತಮ್ಮ ಇದ್ದ ಹಾಗೆ. ನಾನು ಅದನ್ನು ಓದಿದ್ದೆ. "ಸಂಬಂಧವಿಲ್ಲ" ಅನ್ನುವ ಪಟ್ಟಿಗೆ ಹಾಕಿದ್ದೆ. ಬೇಕೆಂದೇ ಮುಚ್ಚಿಟ್ಟೆನಾ? ಇಲ್ಲ ಅಂತ ಪ್ರಮಾಣ ಮಾಡಬಲ್ಲೆ. ಆದರೆ ನನ್ನ ವಾದಕ್ಕೆ ಒಗ್ಗುವ ಎರಡು ಹಾಳೆ ಮಾತ್ರ ಕಣ್ಣಿಗೆ ಹೊಡೆದು ಕಾಣುವುದು, ಒಗ್ಗದ ಒಂದು ಹಾಳೆ ತನ್ನಷ್ಟಕ್ಕೇ ಪಕ್ಕಕ್ಕೆ ಸರಿಯುವುದು ಎಷ್ಟು ಸಲೀಸಾಗಿ ನಡೆದುಹೋಯಿತು ಅಂತ ನೆನೆಸಿಕೊಂಡರೆ ಆ ಪ್ರಮಾಣದ ಬಗ್ಗೆ ನನಗೇ ಗುಮಾನಿ.

ಆ ದಾಖಲೆಯನ್ನು ವರದಿಗೆ ಸೇರಿಸಿದೆ. ಕೊನೆಯ ಸಾಲನ್ನು ತೆಗೆದುಹಾಕಲಿಲ್ಲ. ಇವೆರಡನ್ನೂ ಸೇರಿಸುವುದು ಹೊಳೆಯಬಹುದಿತ್ತು ಅನ್ನಲು ಈ ಕಾರಣಗಳಿವೆ, ಹೊಳೆಯದೇ ಇರಲು ಈ ಕಾರಣವಿದೆ ಅಂತ ಎರಡನ್ನೂ ಬರೆದೆ. ಮ್ಯಾನೇಜರ್ ಓದಿ ಹುಬ್ಬೇರಿಸಿದರು. "ನಾವೇ ಯಾಕೆ ಅವರ ಪರವಾಗಿ ವಾದ ಮಾಡಿಕೊಡೋದು?" ಅಂದರು. "ಎದುರು ಪಾರ್ಟಿ ವಕೀಲರು ಹೇಗೂ ಹುಡುಕ್ತಾರೆ ಸರ್, ಕ್ಲೈಂಟಿಗೆ ನಮ್ಮಿಂದಲೇ ಮೊದಲು ಗೊತ್ತಾಗ್ಲಿ" ಅಂದೆ. ಅದು ನಿಜವಾದ ಕಾರಣವೂ ಹೌದು, ಸುಲಭದ ಕಾರಣವೂ ಹೌದು. ಕೋಡುಬಳೆಯ ವಿಷಯ ಹೇಳಲಿಲ್ಲ. ಒಂದು ನಿಮಿಷ ಯೋಚಿಸಿ "ಇರಲಿ ಬಿಡು" ಅಂದರು. ಫೈಲ್ ಮೇಲಕ್ಕೆ ಹೋಯಿತು. ಆಮೇಲೆ ಏನಾಯಿತೋ ನನ್ನವರೆಗೆ ಬರುವುದಿಲ್ಲ.

ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಪೇಟೆಂಟಿನ ಉತ್ತರ ಓದುವ ಮುಂಚೆ, ಅದು ಬಿಡಿಸಲು ಹೊರಟ ತೊಂದರೆಯನ್ನಷ್ಟೇ ಓದಿ ಫೈಲ್ ಮುಚ್ಚುತ್ತೇನೆ. ಕಾಫಿ ತಂದುಕೊಂಡು, ನಾನಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಒಂದು ಹಾಳೆಯಲ್ಲಿ ಬರೆಯುತ್ತೇನೆ. ಆಮೇಲೆ ಉತ್ತರ ತೆರೆಯುತ್ತೇನೆ. ಇಲ್ಲಿಯವರೆಗೆ ಸುಮಾರು ಮೂವತ್ತು ಫೈಲ್ ಹೀಗೆ ನೋಡಿರಬಹುದು. ನನ್ನ ಹಾಳೆಯೂ ಪೇಟೆಂಟಿನ ಹಾಳೆಯೂ ಹೊಂದಿದ್ದು ನಾಲ್ಕು ಸಲ.

ಉಳಿದ ಇಪ್ಪತ್ತಾರರಲ್ಲೂ, ಉತ್ತರ ಓದಿದ ತಕ್ಷಣ ನನಗೆ ಅನ್ನಿಸಿದ್ದು ಮಾತ್ರ ಒಂದೇ: ಅಯ್ಯೋ, ಇಷ್ಟೇನಾ!